ಪೈಪ್ ಮೂಲಕ ಆರ್‌ಪಿಸಿ ಮಾಡುವವರೇ, 10 ಅನ್ನೋ ಬೈಟ್ ಬಗ್ಗೆ ಹುಷಾರು

ಎರಡು ಪ್ರೋಗ್ರಾಂಗಳ ನಡುವೆ ಸ್ಟ್ಯಾಂಡರ್ಡ್ ಇನ್‌ಪುಟ್, ಔಟ್‌ಪುಟ್ ಪೈಪ್‌ನಲ್ಲಿ (ಒಂದರ ಔಟ್‌ಪುಟ್ ಇನ್ನೊಂದರ ಇನ್‌ಪುಟ್‌ಗೆ ಹೋಗುವ ದಾರಿ) ಆರ್‌ಪಿಸಿ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕೆಲಸ ಹೇಳಿ ಉತ್ತರ ಪಡೆಯುವುದನ್ನು ಮಾಡಿ, ಲಿನಕ್ಸ್‌ನಲ್ಲಿ ಮಾತ್ರ ಟೆಸ್ಟ್ ಮಾಡಿ, ವಿಂಡೋಸ್ ಗಿರಾಕಿಗೆ ಕೊಡಬೇಡಿ. ನಾನು ಕೊಟ್ಟೆ. ಮೂರು ದಿನ ನಿದ್ದೆ ಹಾಳಾಯಿತು.

ನಮ್ಮದು ಚಿಕ್ಕ ಬಿಲ್ಲಿಂಗ್ ಸಾಫ್ಟ್‌ವೇರ್. ಸ್ಕ್ರೀನ್ ನೋಡಿಕೊಳ್ಳುವುದು ಒಂದು ಪ್ರೋಗ್ರಾಂ. ಹುಡುಕುವುದು, ಲೆಕ್ಕ ಹಾಕುವುದು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಇನ್ನೊಂದು. ಪ್ರತಿ ಮೆಸೇಜಿನ ಮುಂದೆ 4 ಬೈಟ್‌ನಲ್ಲಿ ಅದರ ಉದ್ದ, ಆಮೇಲೆ ಜೇಸನ್ (ಡೇಟಾವನ್ನು ಅಕ್ಷರಗಳಲ್ಲಿ ಬರೆಯುವ ಒಂದು ರೂಪ). ಪೋರ್ಟ್ ಬೇಡ, ಫೈರ್‌ವಾಲ್ ಕಾಟ ಇಲ್ಲ, ಎಲ್ಲ ಕಡೆ ಒಂದೇ ಕೋಡ್ ಅಂತ ಬೀಗಿದ್ದೆ.

ಅಂಗಡಿಯಲ್ಲಿ ಒಂದು ವಾರ ಚೆನ್ನಾಗಿಯೇ ನಡೆಯಿತು. ಆಮೇಲೆ ಫೋನ್ ಬಂತು. ಒಬ್ಬರ ಹೆಸರು ಹುಡುಕಿದರೆ ಮಾತ್ರ ಸ್ಕ್ರೀನ್ ಹ್ಯಾಂಗ್, ಉಳಿದವರೆಲ್ಲ ಸರಿ. ಡೇಟಾಬೇಸ್ ಜಾಲಾಡಿದೆ, ಕನ್ನಡ ಅಕ್ಷರಗಳ ಮೇಲೆ ಅನುಮಾನ ಪಟ್ಟೆ, ಥ್ರೆಡ್‌ಗಳಿಗೆ ಶಾಪ ಹಾಕಿದೆ. ಕೊನೆಗೆ ದಾರಿ ತೋರಿಸಿದ್ದು ಬಿಲ್ ಹಾಕುವ ಹುಡುಗ. "ಸಾರ್, ಹಳೇದು ಅಳಿಸಿ ಹೊಸದಾಗಿ ಎಂಟ್ರಿ ಮಾಡ್ದೆ. ಅಡ್ರೆಸ್ ಕೊನೇಲಿ ಒಂದು ಚುಕ್ಕಿ ಜಾಸ್ತಿ ಬಿತ್ತು. ಈಗ ಬರ್ತಿದೆ."

ಚುಕ್ಕಿ ಸೇರಿದ ಮೇಲೆ ಉತ್ತರದ ಉದ್ದ 267 ಬೈಟ್. ಮೊದಲು 266 ಇತ್ತು. ಚಿಕ್ಕ ಬೆಲೆಯ ಬೈಟ್ ಮೊದಲು ಬರೆದರೆ 266 ಅನ್ನುವುದು 10, 1, 0, 0 (10 + 1×256). ವಿಂಡೋಸ್‌ನಲ್ಲಿ ಸಿ ಲೈಬ್ರರಿ ಸ್ಟ್ಯಾಂಡರ್ಡ್ ಔಟ್‌ಪುಟ್ ಅನ್ನು ಟೆಕ್ಸ್ಟ್ ಮೋಡ್‌ನಲ್ಲಿ ಇಟ್ಟಿರುತ್ತದೆ. ಅದರ ಕಣ್ಣಿಗೆ 10 ಅಂದರೆ ಹೊಸ ಸಾಲು. ವಿಂಡೋಸ್‌ನಲ್ಲಿ ಸಾಲು ಮುಗಿಯುವುದು 13, 10 ಎಂಬ ಜೋಡಿಯಿಂದ, ಹಾಗಾಗಿ ಯಾರನ್ನೂ ಕೇಳದೆ ಅದರ ಮುಂದೆ ಒಂದು 13 ತುರುಕುತ್ತದೆ. ಆಚೆ ಕಡೆ ಸಿಕ್ಕಿದ್ದು 13, 10, 1, 0. ಅಂದರೆ 68,109 ಬೈಟ್! ಬಂದಿದ್ದು ಮುನ್ನೂರೂ ಇಲ್ಲ. ಪಾಪ, ಉಳಿದದ್ದಕ್ಕೆ ಕಾಯುತ್ತಾ ಕೂತಿತ್ತು. ಎರರ್ ಇಲ್ಲ, ಲಾಗ್ ಇಲ್ಲ.

ಓದುವ ಕಡೆ ಇನ್ನೊಂದು ಗುಂಡಿ ಇದೆ. ಟೆಕ್ಸ್ಟ್ ಮೋಡ್‌ನಲ್ಲಿ 26 ಅಂದರೆ ಕಂಟ್ರೋಲ್ ಝಡ್, ಫೈಲ್ ಮುಗಿಯಿತು ಅಂತ ಅರ್ಥ. ಸರಿಯಾಗಿ 26 ಬೈಟ್‌ನ ರಿಕ್ವೆಸ್ಟ್ ಬಂದರೆ ನಮ್ಮ ಪ್ರೋಗ್ರಾಂ ಸುಮ್ನೆ ಮುಚ್ಚಿಕೊಂಡು ಹೋಗುತ್ತಿತ್ತು.

ಸರಿ ಮಾಡಿದ್ದು ಎರಡೇ ಸಾಲಿನಲ್ಲಿ. ಶುರುವಿನಲ್ಲೇ ಸೆಟ್‌ಮೋಡ್ ಕರೆದು ಇನ್‌ಪುಟ್, ಔಟ್‌ಪುಟ್ ಎರಡನ್ನೂ ಬೈನರಿಗೆ, ಅಂದರೆ ಬೈಟ್‌ಗಳನ್ನು ಮುಟ್ಟದೆ ಹಾಗೇ ಬಿಡುವ ಮೋಡ್‌ಗೆ, ಬದಲಾಯಿಸಿದೆ. ಕ್ರೋಮ್‌ನ ನೇಟಿವ್ ಮೆಸೇಜಿಂಗ್ (ಬ್ರೌಸರ್ ಎಕ್ಸ್‌ಟೆನ್ಶನ್ ಕಂಪ್ಯೂಟರಿನ ಬೇರೆ ಪ್ರೋಗ್ರಾಂ ಜೊತೆ ಮಾತಾಡುವ ವ್ಯವಸ್ಥೆ) ದಾಖಲೆಯಲ್ಲಿ ಇದನ್ನು ಬರೆದೇ ಇದ್ದಾರೆ. 4 ಬೈಟ್ ಉಪಾಯ ಕದ್ದಿದ್ದೇ ಅಲ್ಲಿಂದ, ಆ ಸಾಲು ಮಾತ್ರ ಓದಿರಲಿಲ್ಲ.

ಇನ್ನೊಂದು ಮಾತು, ತಪ್ಪು ಹುಡುಕಲು ಹಾಕುವ ಡೀಬಗ್ ಪ್ರಿಂಟ್‌ಗಳನ್ನು ಮೆಸೇಜ್ ಹೋಗುವ ಔಟ್‌ಪುಟ್‌ಗೆ ಬಿಡದೆ ಸ್ಟ್ಯಾಂಡರ್ಡ್ ಎರರ್ ಅನ್ನುವ ಬೇರೆ ದಾರಿಗೆ ಕಳಿಸಿ. ಉದ್ದದ ಜಾಗಕ್ಕೆ ನಾಲ್ಕು ಇಂಗ್ಲಿಷ್ ಅಕ್ಷರ ಬಿದ್ದರೆ ಆಚೆ ಕಡೆಯವನು ನೂರು ಕೋಟಿಗೂ ಜಾಸ್ತಿ ಬೈಟ್ ಕೇಳುತ್ತಾನೆ.

ಈಗ 1ರಿಂದ 3,000ದವರೆಗೆ ಪ್ರತಿ ಉದ್ದದ ಮೆಸೇಜ್ ಕಳಿಸಿ ನೋಡುವ ಟೆಸ್ಟ್ ವಿಂಡೋಸ್ ಮೇಲೂ ಓಡುತ್ತದೆ. ಅಂಗಡಿಯ ಆ ಅಡ್ರೆಸ್‌ನಲ್ಲಿ ಚುಕ್ಕಿ ಇನ್ನೂ ಹಾಗೇ ಇದೆ. ತೆಗೆಯೋಕೆ ಹುಡುಗ ಒಪ್ಪುತ್ತಿಲ್ಲ.