ಬೆಂಗಳೂರಿನ ತಾರಸಿಗೆ ಯಾವ ಮಿಶ್ರತಳಿ ಬೆರಿ?

ಸ್ಟ್ರಾಬೆರಿ, ಬ್ಲೂಬೆರಿ, ಬಾಯ್ಸನ್‌ಬೆರಿ (ರಾಸ್ಪ್‌ಬೆರಿ, ಬ್ಲ್ಯಾಕ್‌ಬೆರಿ ಮೊದಲಾದವು ಬೆರೆತ ಮಿಶ್ರತಳಿ) ಮೂರನ್ನೂ ನಮ್ಮ ತಾರಸಿಯ ಒಂದೇ ಬಿಸಿಲಿನಲ್ಲಿ, ಕುಂಡಗಳಲ್ಲಿ ಬೆಳೆಸಿದ್ದೇನೆ. ಒಂದಕ್ಕಷ್ಟೇ ಜಾಗವಿದೆ ಎನ್ನುವವರಿಗೆ ಸ್ಟ್ರಾಬೆರಿಯನ್ನೇ ಹೇಳುತ್ತೇನೆ. ನನ್ನ ಅಕ್ಕರೆ ಮಾತ್ರ ಬ್ಲೂಬೆರಿಯ ಮೇಲೆ.

ಬಾಯ್ಸನ್‌ಬೆರಿ ಇಲ್ಲಿ ಬೇಡ. ಬಳ್ಳಿಯೇನೋ ಸೊಂಪಾಗಿ ಹಬ್ಬುತ್ತದೆ, ಮುಳ್ಳೂ ಧಾರಾಳ. ಆದರೆ ಹಣ್ಣು ಬಿಡಬೇಕಾದದ್ದು ಹಿಂದಿನ ವರ್ಷದ ರೆಂಬೆಯಲ್ಲಿ. ಅದರ ಮೊಗ್ಗು ಚೆನ್ನಾಗಿ ಒಡೆಯಲು 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಸಿಗಬೇಕು. ನಮ್ಮ ಜನವರಿಯ ರಾತ್ರಿಯೇ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಗೊಬ್ಬರದಿಂದ ತುಂಬುವ ಕೊರತೆ ಇದಲ್ಲ.

ಅಂಗಡಿಯ ಸ್ಟ್ರಾಬೆರಿಯೂ ಮಿಶ್ರತಳಿಯೇ. ಚಿಲಿ ಮತ್ತು ಉತ್ತರ ಅಮೆರಿಕದ ಎರಡು ಕಾಡುಜಾತಿಗಳು 18ನೇ ಶತಮಾನದ ಫ್ರಾನ್ಸಿನಲ್ಲಿ ಕೂಡಿ ಹುಟ್ಟಿದ್ದು. ಮಳೆ ಇಳಿಮುಖವಾದಾಗ, ಅಕ್ಟೋಬರ್ ಹೊತ್ತಿಗೆ, ಎಲೆಗಳು ಹೊರಡುವ ನಡುಬುಡ ಮಣ್ಣಿನಲ್ಲಿ ಹೂತುಹೋಗದಂತೆ ನೆಟ್ಟರೆ ಹೊಸವರ್ಷದ ಆಸುಪಾಸಿಗೆ ಹಣ್ಣು ಕೆಂಪಾಗುತ್ತದೆ. ಬಲೆ ಹೊದಿಸದಿದ್ದರೆ ಪಿಕಳಾರಗಳು ನಿಮಗಿಂತ ಮೊದಲೇ ಬರುತ್ತವೆ. ಏಪ್ರಿಲ್ ಬಿಸಿಲಿಗೆ ಗಿಡ ಸೊರಗುವುದರಿಂದ ಪ್ರತಿವರ್ಷ ಹೊಸ ಸಸಿ ಬೇಕಾಗುತ್ತದೆ.

ಬ್ಲೂಬೆರಿಯಲ್ಲಿ ತಳಿಯ ಆಯ್ಕೆಯೇ ಅರ್ಧ ಗೆಲುವು. ಚಳಿನಾಡಿನ ಎತ್ತರದ ಪೊದೆಯನ್ನು ಫ್ಲಾರಿಡಾದ ನಿತ್ಯಹಸಿರು ಕಾಡುಜಾತಿಯೊಂದಿಗೆ ಬೆರೆಸಿ ಪಡೆದ ತಳಿಗಳಿಗೆ ಚಳಿ ತೀರ ಕಡಿಮೆ ಸಾಕು. 1998ರಲ್ಲಿ ಅಮೆರಿಕದ ಕೃಷಿ ಇಲಾಖೆ ಬಿಡುಗಡೆ ಮಾಡಿದ ‘ಬಿಲಾಕ್ಸಿ’ ಇಂಥದ್ದು. ಚಳಿಗಾಲವೇ ಇಲ್ಲದಂತಿರುವ ಪೆರುವಿನ ಕರಾವಳಿಯಲ್ಲಿ ಅದನ್ನು ವ್ಯಾಪಕವಾಗಿ ಬೆಳೆದಿದ್ದಾರೆ. ನಮ್ಮಲ್ಲಿಯೂ ಅದು ಎಲೆ ಉದುರಿಸದೆ ಹೂ ಬಿಡುತ್ತದೆ.

ಅದರ ನಿಜವಾದ ಶತ್ರು ನಮ್ಮ ಬೋರ್‌ವೆಲ್ ನೀರು. ಬ್ಲೂಬೆರಿಗೆ 4.5ರಿಂದ 5.5 ಪಿಎಚ್‌ನ ಹುಳಿಮಣ್ಣು ಬೇಕು. ಗಡಸು ನೀರು ಆ ಹುಳಿಯನ್ನು ದಿನದಿನಕ್ಕೂ ಕಳೆಯುತ್ತದೆ. ಎಳೆಯ ಎಲೆ ಹಳದಿಯಾಗಿ ನರಗಳಷ್ಟೇ ಹಸಿರಾಗಿ ಉಳಿದರೆ, ಕಬ್ಬಿಣಾಂಶ ಕುಂಡದಲ್ಲಿದ್ದರೂ ಬೇರಿಗೆ ದಕ್ಕುತ್ತಿಲ್ಲ ಎಂದರ್ಥ. ನಾನು ಕೋಕೋಪೀಟ್‌ಗೆ (ತೆಂಗಿನ ನಾರಿನ ಪುಡಿ) ಗಂಧಕದ ಪುಡಿ ಬೆರೆಸಿ, ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರನ್ನೇ ಹಾಕುತ್ತೇನೆ. ತಾರಸಿ ತೋಟಗಾರರು ಎಲ್ಲ ಕುಂಡಗಳಿಗೂ ಹಾಕುವ ಮೊಟ್ಟೆಚಿಪ್ಪು, ಬೂದಿ, ಸುಣ್ಣ ಇದರ ಹತ್ತಿರವೂ ಸುಳಿಯಬಾರದು.

ಇಳುವರಿಯಲ್ಲಿ ಬ್ಲೂಬೆರಿ ಹಿಂದೆ, ರುಚಿಯಲ್ಲಿ ಬಹಳ ಮುಂದೆ. ಗಿಡದಲ್ಲೇ ಪೂರ್ತಿ ನೀಲಿಗಟ್ಟಿದ ಮೇಲೂ ಕೆಲವು ದಿನ ಬಿಟ್ಟು ಕಿತ್ತರೆ ಹುಳಿ ಇಳಿದು ಸಿಹಿ ಬಲಿಯುತ್ತದೆ. ಮಳೆನೀರು ಹಿಡಿಯುವ ಅನುಕೂಲವಿದ್ದರೆ ಬಿಲಾಕ್ಸಿಯ ಜೊತೆಗೆ ‘ಮಿಸ್ಟಿ’ಯನ್ನೂ ಇಡಿ. ಎರಡು ತಳಿಗಳ ಪರಾಗ ಬೆರೆತರೆ ಹಣ್ಣು ದಪ್ಪಗಾಗುತ್ತದೆ.