19 ಅಡಿ ಎಲೆಕ್ಟ್ರಿಕ್ ಸಿಜರ್ ಲಿಫ್ಟ್: ವರ್ಷಗಟ್ಟಲೆ ಬಾಡಿಗೆಗೆ ತಗೊಂಡು ಬಳಸಿದ್ಮೇಲೆ

ನಮ್ದು ಫೈರ್ ಸ್ಪ್ರಿಂಕ್ಲರ್ ಮತ್ತೆ ಕೇಬಲ್ ಟ್ರೇ ಕೆಲಸ, ಜಾಸ್ತಿ ವೈಟ್‌ಫೀಲ್ಡ್, ಔಟರ್ ರಿಂಗ್ ರೋಡ್ ಕಡೆ ಆಫೀಸ್ ಫಿಟ್‌ಔಟ್‌ಗಳು. ಮೊದ್ಲು ಚಕ್ರ ಹಾಕಿದ ಸ್ಕಾಫೋಲ್ಡಿಂಗೇ ಗತಿ, ಮೇಲಿರೋನು ಇಳಿದು ಹತ್ತೋಕೆ ಬೇಜಾರಾಗಿ ಅಲ್ಲೇ ಕೂತಿರೋನು, ಕೆಳಗಿಂದ ಇಬ್ರು ಅವನ ಸಮೇತ ತಳ್ಕೊಂಡು ಹೋಗೋರು. ಸೇಫ್ಟಿ ಆಫೀಸರ್ ಬಂದ್ರೆ ಮಾತ್ರ ಇಳಿಯೋದು. ಈಗ ಕೆಲವು ವರ್ಷದಿಂದ ಜೀನಿ ಜಿಎಸ್-1930 ಅನ್ನೋ ಸಿಜರ್ ಲಿಫ್ಟ್ (ಕತ್ತರಿ ಥರ ಮಡಚೋ ಕಾಲಿನ ಮೇಲೆ ನೇರ ಏರೋ, ಬ್ಯಾಟರಿಯಲ್ಲಿ ಓಡೋ ಪ್ಲಾಟ್‌ಫಾರ್ಮ್) ಬಾಡಿಗೆಗೆ ತಗೋತಿದ್ದೀವಿ.

ಮಷೀನ್ ಬಗ್ಗೆ ನಂದು ದೂರಿಲ್ಲ. ಅಗಲ 76 ಸೆಂಟಿಮೀಟರ್ ಅಷ್ಟೇ, ಮಾಮೂಲಿ ಬಾಗಿಲಲ್ಲೇ ಒಳಗೆ ಬರುತ್ತೆ. ಪ್ಲಾಟ್‌ಫಾರ್ಮ್ ಸುಮಾರು 5.8 ಮೀಟರ್ ಏರುತ್ತೆ, ನಿಂತು ಕೈ ಎತ್ತಿ ಕೆಲಸ ಮಾಡೋ ಎತ್ತರ 7.8. ಹೊಗೆ ಇಲ್ಲ, ಸದ್ದು ಕಮ್ಮಿ. ಆದ್ರೆ ಕೆಪಾಸಿಟಿ 227 ಕೆಜಿ ಅನ್ನೋದನ್ನ ಯಾರೂ ಲೆಕ್ಕಕ್ಕೇ ತಗೊಳಲ್ಲ. 4 ಇಂಚು ಎಂಎಸ್ (ಮೈಲ್ಡ್ ಸ್ಟೀಲ್) ಪೈಪ್ 6 ಮೀಟರ್ ಉದ್ದದ್ದು ಒಂದೇ 70 ಕೆಜಿ ದಾಟುತ್ತೆ, ಜೊತೆಗೆ ಇಬ್ರು ಆಳು, ಡ್ರಿಲ್ಲಿಂಗ್ ಮಷೀನು, ಬಕೆಟ್ ತುಂಬ ಕ್ಲ್ಯಾಂಪು, ಅಲ್ಲಿಗೆ ಮುಗೀತು. ಅಂಥ ಪೈಪನ್ನ ರೇಲಿಂಗ್ ಮೇಲೆ ಅಡ್ಡ ಇಟ್ಕೊಂಡು ಮೇಲೆ ಹೋಗೋರನ್ನ ಎಷ್ಟೋ ಸೈಟಲ್ಲಿ ನೋಡಿದೀನಿ, ಇದೇನು ಕ್ರೇನಾ? ನಾವು ದೊಡ್ಡ ಪೈಪನ್ನ ಚೈನ್ ಪುಲ್ಲಿಯಲ್ಲಿ ಎತ್ತಿಸ್ತೀವಿ, ಲಿಫ್ಟಲ್ಲಿ ಜನ ಮತ್ತೆ ಟೂಲ್ಸ್ ಮಾತ್ರ.

ತಲೆನೋವು ಪೂರ್ತಿ ಬಾಡಿಗೆ ಕೊಡೋರದ್ದು. ನಾವು ಮೊದ್ಲು ತಗೋತಿದ್ದ ಕಡೆಯವರು ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕ್ತಾನೇ ಇರಲಿಲ್ಲ, ಮಧ್ಯಾಹ್ನದಷ್ಟೊತ್ತಿಗೆ ಮಷೀನ್ ಸುಸ್ತು. ಕೇಳಿದ್ರೆ ನಿಮ್ ಸೈಟ್ ಪವರ್ ಸರಿ ಇಲ್ಲ ಸಾರ್ ಅನ್ನೋರು. ಅದರಲ್ಲಿ ಸ್ವಲ್ಪ ನಿಜಾನೂ ಇದೆ ಅನ್ನಿ, ರಾತ್ರಿ ಡಿಜಿ (ಡೀಸೆಲ್ ಜನರೇಟರ್) ಆಫ್ ಮಾಡಿಬಿಟ್ರೆ ಚಾರ್ಜ್ ಅರ್ಧಕ್ಕೇ ನಿಲ್ಲುತ್ತೆ, ಅದಕ್ಕೇ ಬಾಡಿಗೆಗೆ ತರೋ ಮುಂಚೆನೇ ರಾತ್ರಿ ಲೈನ್ ಎಲ್ಲಿಂದ ಅಂತ ಕೇಳ್ಕೊಳಿ. ಗಾಳಿ ಆಡೋ ಜಾಗದಲ್ಲೇ ಚಾರ್ಜಿಗೆ ಹಾಕಿ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ.

ಒಂದ್ಸಲ ಮೇಲೆ ಇಬ್ರು ಹುಡುಗ್ರು ಇದ್ದಾಗ ಮಷೀನ್ ನಿಂತೇ ಹೋಯ್ತು. ಬಾಡಿಗೆಯವರ ಆಪರೇಟರ್ ಕೆಳಗಿನ ಕಂಟ್ರೋಲಿನ ಕೀ ಜೇಬಲ್ಲಿ ಹಾಕ್ಕೊಂಡು ಟೀಗೆ ಹೋಗಿದ್ದ, ಫೋನ್ ಎತ್ತಲ್ಲ. ಮೇಲಿದ್ದ ಒಬ್ಬ ರೇಲಿಂಗ್ ದಾಟಿ ಪೈಪ್ ಹಿಡ್ಕೊಂಡು ಇಳೀತೀನಿ ಅಂತ ಕಾಲು ಹಾಕೇಬಿಟ್ಟ, ನಮ್ ಫೋರ್‌ಮನ್ ಕೂಗಾಡಿ ನಿಲ್ಲಿಸಿ, ಚಾಸಿ ಮೇಲಿದ್ದ ಸ್ಟಿಕ್ಕರ್ ಓದಿ, ಎಮರ್ಜೆನ್ಸಿ ಲೋವರಿಂಗ್ ನಾಬ್ ಹುಡುಕಿ ಎಳೆದ್ರು, ನಿಧಾನಕ್ಕೆ ಸುಯ್ ಅಂತ ಇಳೀತು. ಕೀ ಬೇಕಾಗೇ ಇರಲಿಲ್ಲ! ಅವತ್ತಿಂದ ನಮ್ ರೂಲು ಏನಂದ್ರೆ, ಮಷೀನ್ ಲಾರಿಯಿಂದ ಇಳಿದ ತಕ್ಷಣ ಆ ನಾಬ್ ಎಳೆದು ತೋರಿಸ್ಬೇಕು, ನಮ್ ಕಡೆ ಒಬ್ಬ ಅದನ್ನ ಕೈಯಾರೆ ಮಾಡ್ಬೇಕು, ಆಮೇಲೇನೇ ಚಲನ್‌ಗೆ ಸೈನ್. ಆಪರೇಟರ್ ಹತ್ರ ಐಪಿಎಎಫ್ ಕಾರ್ಡ್ (ಇಂಥ ಲಿಫ್ಟ್ ಓಡಿಸೋ ಟ್ರೈನಿಂಗ್ ಕಾರ್ಡ್) ಇದ್ರೆ ಅದರಲ್ಲಿ 3ಎ, ಅಂದ್ರೆ ಸಿಜರ್ ಲಿಫ್ಟಿನ ವರ್ಗ, ಇದೆಯಾ, 5 ವರ್ಷದ ಅವಧಿ ಮುಗಿದಿಲ್ವಾ ನೋಡಿ. 3ಬಿ ಮಾತ್ರ ಇದ್ರೆ ಅದು ಉದ್ದ ತೋಳು ಚಾಚೋ ಬೂಮ್ ಲಿಫ್ಟಿಗೆ.

ನೆಲದ ವಿಷಯ ಇನ್ನೊಂದು. ಮಷೀನ್ ತೂಕನೇ ಸುಮಾರು ಒಂದೂವರೆ ಟನ್, ಚಕ್ರ ನೋಡಿದ್ರೆ ಪುಟಾಣಿ. ಶಾಫ್ಟ್ ಓಪನಿಂಗ್ ಮೇಲೆ ಪ್ಲೈವುಡ್ ಮುಚ್ಚಿರ್ತಾರಲ್ಲ, ಮೇಲೆ ಧೂಳು ಕೂತ್ರೆ ಸ್ಲ್ಯಾಬ್ ಯಾವ್ದು ಪ್ಲೈ ಯಾವ್ದು ಗೊತ್ತೇ ಆಗಲ್ಲ, ಓಡಿಸೋ ದಾರಿ ಮೊದ್ಲು ನಡೆದು ನೋಡ್ಲೇಬೇಕು. ಪ್ಲಾಟ್‌ಫಾರ್ಮ್ ಏರಿದಾಗ ಚಕ್ರದ ಮಧ್ಯೆ ಎರಡೂ ಪಕ್ಕ ಪಾಟ್‌ಹೋಲ್ ಗಾರ್ಡ್ (ಚಕ್ರ ಗುಂಡಿಗೆ ಇಳಿದ್ರೂ ಮಷೀನ್ ಮಗುಚದ ಹಾಗೆ ತಡೆಯೋ ಪಟ್ಟಿ) ಕೆಳಗೆ ಇಳಿಯುತ್ತೆ, ಅದರಡಿ ಒಂದು ಕಂಡ್ಯೂಟ್ ತುಂಡು ಸಿಕ್ಕಿದ್ರೂ ಪೂರ್ತಿ ಇಳಿಯಲ್ಲ, ಮಷೀನ್ ಮುಂದೆ ಹೋಗಲ್ಲ. ಆಪರೇಟರ್ ಸೆನ್ಸರ್ ಪ್ರಾಬ್ಲಮ್ ಅಂತಾನೆ, ಬೈಪಾಸ್ ಮಾಡ್ಲಾ ಅಂತಾನೆ. ಬೇಡ! ಪೊರಕೆ ತಗೊಂಡು ಗುಡಿಸಿ, ಸಾಕು. ಟಿಲ್ಟ್ ಅಲಾರಂ ಕೂಡ ಹಂಗೇ, ಪಕ್ಕಕ್ಕೆ 1.5 ಡಿಗ್ರಿ ವಾಲಿದ್ರೆ ಕಿರುಚುತ್ತೆ, ಅದನ್ನ ಬಾಯಿ ಮುಚ್ಚಿಸೋ ಬದ್ಲು ಇಳಿಸಿ ಜಾಗ ಬದಲಾಯ್ಸಿ.

ಸೇಫ್ಟಿ ಬೆಲ್ಟ್ ಹಾಕ್ಬೇಕಾ ಅಂತ ತುಂಬ ಜನ ಕೇಳ್ತಾರೆ. ಬೂಮ್ ಲಿಫ್ಟಲ್ಲಿ ಹಾಕ್ಲೇಬೇಕು, ಸಿಜರಲ್ಲಿ ರೇಲಿಂಗೇ ಮುಖ್ಯ ರಕ್ಷಣೆ, ಆದ್ರೂ ನಮ್ ಕ್ಲೈಂಟ್‌ಗಳು ಬಹುತೇಕ ಕೇಳ್ತಾರೆ, ಹಾಕ್ಕೊಳಿ. ಹುಕ್ ಮಾತ್ರ ಪ್ಲಾಟ್‌ಫಾರ್ಮಲ್ಲಿರೋ ಆಂಕರ್‌ಗೇ. ಮೇಲಿನ ಬೀಮ್‌ಗೆ ಹಾಕಿ ಯಾರೋ ಲಿಫ್ಟ್ ಇಳಿಸಿದ್ರೆ ನೀವು ಅಲ್ಲೇ ನೇತಾಡ್ತೀರ. ಇನ್ನು ಬೀಮ್, ಡಕ್ಟ್ ಹತ್ರ ಏರುವಾಗ ಜಾಯ್‌ಸ್ಟಿಕ್ ಹಿಡಿದೋನು ಕೆಳಗೆ ನೋಡ್ತಾ ಇರ್ತಾನೆ, ತಲೆ ಮೇಲಿರೋದು ಕಾಣಲ್ಲ, ರೇಲಿಂಗಿಗೂ ಬೀಮಿಗೂ ಮಧ್ಯೆ ಸಿಕ್ಕಿಹಾಕೊಂಡ್ರೆ ಬಿಡಿಸೋಕೆ ಆಗೋದು ಕೆಳಗೆ ನಿಂತು ಮಷೀನ್ ಇಳಿಸೋಕೆ ಗೊತ್ತಿರೋ ಒಬ್ಬನಿಂದ ಮಾತ್ರ, ಹಾಗಾಗಿ ಕೆಳಗೆ ಜನ ಇಲ್ಲದೆ ನಾವು ಏರಿಸಲ್ಲ.

ರೇಟಿಂಗ್: ಮಷೀನಿಗೆ 5ಕ್ಕೆ 4, ಆ ಹಳೇ ಬಾಡಿಗೆಯವರಿಗೆ 2. ಮಷೀನಿಗೆ ಒಂದು ಕಳೆದಿದ್ದು ಎತ್ತರ ಸಾಲದ್ದಕ್ಕೆ. ನೆಲಮಂಗಲ, ಹೊಸಕೋಟೆ ಕಡೆ 11-12 ಮೀಟರ್ ಎತ್ತರದ ಗೋಡೌನ್ ಆದ್ರೆ ಇದು ತರ್ಬೇಡಿ, ದೊಡ್ಡ ಸಿಜರೋ ಬೂಮೋ ಬೇಕು. ಮಣ್ಣು ನೆಲದ ಹೊರಗಿನ ಕೆಲಸಕ್ಕೆ ಡೀಸೆಲ್ ರಫ್ ಟೆರೇನ್ ಲಿಫ್ಟ್ ಕೇಳಿ.