ಅಂಗಡಿಯವನು ಪ್ರಿಂಟ್ ಹೊಡೆದ ವೋಟರ್ ಕಾರ್ಡ್ ನಂಬಿ ಕೂರ್ಬೇಡಿ ಮಾರ್ರೆ

ಅಡ್ರೆಸ್ ಚೇಂಜ್ ಮಾಡ್ಸಿ ಆಗಿದೆ, ಹೊಸ ಕಾರ್ಡ್ ಕೈಯಲ್ಲುಂಟು ಅಂತ ನಿಶ್ಚಿಂತೆಯಲ್ಲಿ ಇರುವವರು ಒಮ್ಮೆ ಇದನ್ನು ಓದಿ.

ಅಪ್ಪ ತೀರಿಹೋದ ಮೇಲೆ ಅಮ್ಮ ಉಡುಪಿ ಮನೆ ಬಿಟ್ಟು ಮಂಗಳೂರಲ್ಲಿ ನಮ್ಮೊಟ್ಟಿಗೆ ಇದ್ದಾರೆ. ಅವರದ್ದು ಹಳೇ ಕಪ್ಪು ಬಿಳುಪು ಫೋಟೋದ ಲ್ಯಾಮಿನೇಶನ್ ಕಾರ್ಡ್, ಮೂಲೆ ಬಿಚ್ಚಿ ಒಳಗೆ ನೀರು ಹೋಗಿ ಮುಖವೇ ಸರಿ ಕಾಣುದಿಲ್ಲ. 2024ರ ಜನವರಿಯಲ್ಲಿ ಮನೆ ಹತ್ರದ ಒಂದು ಆನ್‌ಲೈನ್ ಸೆಂಟರಿಗೆ ಹೋದೆವು. "ಅಡ್ರೆಸ್ ಚೇಂಜ್, ಸ್ಮಾರ್ಟ್ ಕಾರ್ಡ್ ಎಲ್ಲ ಸೇರಿ 450 ಆಗ್ತದೆ ಅಮ್ಮ, ಸಂಜೆ ಬನ್ನಿ" ಅಂದ. ಸಂಜೆ ಕೊಟ್ಟ ಸಹ! ಅಲ್ಲೇ ನಮಗೆ ಡೌಟ್ ಬರ್ಬೇಕಿತ್ತು, ಬಿಎಲ್‌ಒ (ಬೂತಿನ ವೋಟರ್ ಲಿಸ್ಟ್ ನೋಡಿಕೊಳ್ಳುವವರು) ನೋಡಿ ಅಧಿಕಾರಿ ಒಪ್ಪಿದ ಮೇಲೆ ಹೆಸರು ಲಿಸ್ಟಿಗೆ ಹೋಗುದು, ಅದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಾ. ಆದ್ರೆ ಕಾರ್ಡ್ ಪಳಪಳ ಅಂತಿತ್ತು, ಅಮ್ಮ ಖುಷಿಯಲ್ಲಿ ಪರ್ಸಿಗೆ ಹಾಕಿದ್ರು, ನಾನೂ ಸುಮ್ನಾದೆ.

ಏಪ್ರಿಲ್ 26, ಶುಕ್ರವಾರ, ಲೋಕಸಭೆ ಎಲೆಕ್ಷನ್ ದಿನ. ಸೆಕೆಯಲ್ಲಿ ಒಂದು ಗಂಟೆ ಕ್ಯೂ ನಿಂತು ಒಳಗೆ ಹೋದ್ರೆ ಲಿಸ್ಟಲ್ಲಿ ಅಮ್ಮನ ಹೆಸರೇ ಇಲ್ಲ. ಹೊರಗೆ ಬಂದು ಮೊಬೈಲಲ್ಲಿ ಕಾರ್ಡಿನ ನಂಬರ್ ಹಾಕಿ ನೋಡಿದೆ, ಉಡುಪಿಯ ಹಳೇ ಬೂತ್ ತೋರಿಸ್ತಾ ಉಂಟು! ಪುಣ್ಯಾತ್ಮ ಅರ್ಜಿಯೇ ಹಾಕಿರ್ಲಿಲ್ಲ, ಹಳೇ ನಂಬರಿಗೆ ನಮ್ಮ ಮಂಗಳೂರು ಅಡ್ರೆಸ್ ಟೈಪ್ ಮಾಡಿ ಪ್ಲಾಸ್ಟಿಕ್ ಕಾರ್ಡ್ ಹೊಡೆದದ್ದು. ಸರಿಯಾಗಿ ನೋಡಿದ್ರೆ ಅಡ್ರೆಸಿನ ಅಕ್ಷರವೇ ಬೇರೆ, ಹೊಲೋಗ್ರಾಮ್ ಸಹ ಇಲ್ಲ.

ನಾನು ಬಿಡುವ ಅಂದೆ, ಅಮ್ಮ ಕೇಳ್ಲಿಲ್ಲ. ಮೊಣಕಾಲು ನೋವು ಇಟ್ಕೊಂಡೇ ಉಡುಪಿಗೆ ಎಕ್ಸ್‌ಪ್ರೆಸ್ ಬಸ್ ಹತ್ತಿದ್ರು. ಆರು ಗಂಟೆಗೆ ಕ್ಲೋಸ್, ನಾವು ಮುಟ್ಟುವಾಗ ಐದು ಇಪ್ಪತ್ತು. ಅಲ್ಲಿಯ ಮೇಡಂ ಆ ಕಾರ್ಡ್ ತಿರುಗಿಸಿ ನೋಡಿ ಬದಿಗಿಟ್ರು, "ಇದು ಬೇಡ ಅಮ್ಮ, ಆಧಾರ್ ಉಂಟಾ?" ಆಧಾರ್ ತೋರಿಸಿದ್ರು, ವೋಟ್ ಆಯ್ತು. ಲಿಸ್ಟಲ್ಲಿ ಹೆಸರು ಇದ್ರೆ ಆಧಾರ್, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಪಾಸ್‌ಪೋರ್ಟ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್ ಯಾವುದಾದ್ರೂ ಆಗ್ತದೆ, ಹೆಸರು ಇಲ್ಲದಿದ್ರೆ ಎಂತ ಕಾರ್ಡ್ ಇದ್ರೂ ಅಷ್ಟೇ. ಮನೆಗೆ ಕೊಡುವ ವೋಟರ್ ಸ್ಲಿಪ್ ಒಂದನ್ನೇ ತೋರಿಸಿದ್ರೂ ಸಾಕಾಗುದಿಲ್ಲ.

ಎಲೆಕ್ಷನ್ ಮುಗಿದ ಮೇಲೆ ನಾನೇ ಫೋನಲ್ಲಿ ಚುನಾವಣಾ ಆಯೋಗದ ವೆಬ್‌ಸೈಟಿಗೆ ಹೋಗಿ ಫಾರ್ಮ್ 8 ಹಾಕಿದೆ, ಅಡ್ರೆಸ್ ಬದಲಿಗೆ ಅದೇ. ಕೆಲವರು ಗೊತ್ತಿಲ್ಲದೆ ಹೊಸಬರ ಫಾರ್ಮ್ 6 ಹಾಕಿ ಎರಡು ಕಡೆ ಹೆಸರು ಮಾಡ್ಕೊಳ್ತಾರೆ, ಅದು ಕಾನೂನಿಗೆ ವಿರುದ್ಧ, ಹಾಗೆ ಮಾಡ್ಬೇಡಿ. ಅರ್ಜಿ ಹಾಕಿದ ಕೂಡ್ಲೆ ರೆಫರೆನ್ಸ್ ನಂಬರ್ ಬರ್ತದೆ, ಅಂಗಡಿಯಲ್ಲೇ ಮಾಡ್ಸುದಾದ್ರೂ ಅದನ್ನು ಕೇಳಿ ಬರೆದಿಟ್ಕೊಳ್ಳಿ. ಬಿಎಲ್‌ಒ ಆಗಿದ್ದ ಅಂಗನವಾಡಿ ಟೀಚರ್ ಮನೆಗೆ ಬಂದು ನೋಡಿ ಹೋದ್ರು, ಅಸಲಿ ಕಾರ್ಡ್ ಆಮೇಲೆ ಅಂಚೆಯಲ್ಲಿ ಬಂತು, ನಮಗೆ ಒಂದು ರೂಪಾಯಿ ಖರ್ಚಿಲ್ಲ. ಎಲೆಕ್ಷನ್ ಹತ್ರ ಬಂದ ಮೇಲೆ ಓಡ್ಬೇಡಿ, ನಾಮಪತ್ರದ ಕೊನೇ ದಿನ ಕಳೆದ್ರೆ ಲಿಸ್ಟಿಗೆ ಮತ್ತೆ ಹೆಸರು ಸೇರುದಿಲ್ಲ. ಡೌಟ್ ಇದ್ರೆ 1950ಕ್ಕೆ ಫೋನ್ ಮಾಡಿ ಕೇಳ್ಬಹುದು.

450 ವಾಪಸ್ ಕೇಳಿದ್ದಕ್ಕೆ "ಕಾರ್ಡ್ ಕೊಟ್ಟಿದ್ದೇನಲ್ಲ ಅಣ್ಣ" ಅಂದ. ಆ ಕಾರ್ಡಲ್ಲಿ ಅಮ್ಮ ಈಗ ಹಲಸಿನ ಮೇಣ ಕೆರೆಯುದು.